ಹೊಟ್ಟೆ ತುಂಬದ ಕೌದಿ

ನಾನೊಂದು ಕೌದಿ. ಹರಿದ ಇಳಕಲ್ ಸೀರೆ, ಮಾಸಿದ ಧೋತರ, ಯಾರದೋ ಕುಪ್ಪಸದ ತೋಳು ಎಲ್ಲ ಸೇರಿ ನಾನಾದೆ. ಹೊಲಿದವಳು ಕಾಶವ್ವ. ನಮ್ಮ ಕಡೆ ಕೊನೆಯ ತೇಪೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರೊಂದನ್ನು ಇಡುತ್ತಾರೆ. ಅದು ಕೌದಿಯ ಹೊಟ್ಟೆ ತುಂಬಿಸುವ ಶಾಸ್ತ್ರ. ಹಸಿದ ಕೌದಿ ಮಲಗಿದವರನ್ನೇ ತಿನ್ನುತ್ತದಂತೆ! ಆ ಚೂರು ಇಟ್ಟಳೋ ಮರೆತಳೋ, ಕಾಶವ್ವನಿಗೇ ನೆನಪಾಗಲಿಲ್ಲ. ಅನುಮಾನದ ಕೌದಿಯನ್ನು ಮಕ್ಕಳಿಗೆ ಹಾಸುವುದುಂಟೇ? ಮನೆಯ ಬೇಟೆನಾಯಿ ಮಿಂಚಿಯ ಪಾಲಿಗೆ ಬಂದೆ.

ಮಿಂಚಿ ನನ್ನ ಮೇಲೆಯೇ ಮರಿ ಹಾಕಿದಳು. ಒಂದು ಮಧ್ಯಾಹ್ನ ಮೊಲೆಯೂಡಿಸುತ್ತ ಮಲಗಿದ್ದವಳು ಹಾಗೆಯೇ ತಣ್ಣಗಾದಳು. ಕಣ್ಣು ಬಿಡದ ಮರಿಗಳಿಗೆ ಅದು ತಿಳಿಯಲಿಲ್ಲ, ಚೀಪುತ್ತಲೇ ಇದ್ದವು. ಕಾಶವ್ವನ ಸೊಸೆ ಮಹಾನಂದಾ ಬಟ್ಟೆಯ ಬತ್ತಿಯಿಂದ ಆಡಿನ ಹಾಲು ಹಿಂಡಿ ಅವನ್ನು ಸಾಕಿದಳು. ಮುಂದೆ ಆ ಮರಿಗಳೂ ಅಂಗಳದಲ್ಲಿ ಓಡಾಡಿ ಬಂದು ನನ್ನ ಮೇಲೆ ಒರಗಿದವು, ಒಂದೊಂದಾಗಿ, ಕುಂಯ್ ಎನ್ನದೆ ಹೋದವು. ಉಳಿದದ್ದು ಒಂದೇ ಹೆಣ್ಣುಮರಿ, ಚಿಗರಿ. ಹಸಿದ ಕೌದಿಯೇ ತಿಂದಿತೆಂದು ನನ್ನನ್ನು ಸುತ್ತಿ ಅಟ್ಟಕ್ಕೆಸೆದರು.

ಊರೆಲ್ಲ ಅಂದದ್ದು ಸುಳ್ಳಾದೀತೇ? ನಾನೂ ನಂಬಿದೆ. ಗಾಳಿಯಾಡದ ಆ ಕತ್ತಲಲ್ಲಿ ನನ್ನ ಮಡಿಕೆಗಳು ತಾವಾಗಿಯೇ ಸರಿಯುತ್ತಿದ್ದವು. ಕೆಳಗಿನಿಂದ ಚಿಗರಿ ಅಟ್ಟದತ್ತ ಕತ್ತೆತ್ತಿ ಊಳಿಡುತ್ತಿದ್ದಳು. ಹಸಿವೆಂದರೆ ಇದೇ ಇರಬೇಕು ಎಂದು ನನಗೆ ನಾನೇ ಹೆದರಿದೆ.

ಚಿಗರಿ ಬೆಳೆದಳು. ಇವಳ ಹೊಟ್ಟೆಯದೊಂದು ಮರಿ ಬೇಕು, ನಾಳೆ ಇವಳು ಹೋದರೂ ಇವಳ ಕಣ್ಣು ಮನೆಯಲ್ಲಿ ಉಳಿಯಬೇಕು ಎಂಬುದು ಮಹಾನಂದಾಳ ಆಸೆ. ಆದರೆ ತಾಯಿಯಂತೆ ಇವಳೂ ಹೋಗಿಬಿಟ್ಟರೆ?

"ಅದಕ್ಯಾಕ ಅಂಜತೀ? ತಾಯಿನ ತಿಂದದ್ದು ಆ ಹಸದ ಕೌದಿ. ಸುಟ್ಟು ಬಿಡು. ಆಮ್ಯಾಲ ಚೊಲೊ ಗಂಡನಾಯಿ ನೋಡಿ ಜೋಡಿ ಮಾಡೂಣು," ಎಂದಳು ಕಾಶವ್ವ.

ನನ್ನನ್ನು ಅಂಗಳಕ್ಕೆ ಹಾಸಿದರು. ಕಡ್ಡಿಪೆಟ್ಟಿಗೆಯೂ ಬಂತು.

"ಸುಡೂ ಮುಂದ ಒಂದು ತುತ್ತು ಇಡತೀನ್ರಿ ಅತ್ತಿ. ಉಪವಾಸ ಕಳಸಬಾರದು," ಎಂದ ಮಹಾನಂದಾ ಕೊನೆಯ ತೇಪೆ ಬಿಚ್ಚಿ ಬೆರಳು ತೂರಿಸಿದಳು. ಬೆರಳು ನಿಂತಿತು. ಹೊರಗೆ ಬಂದದ್ದು ಕಲ್ಲಾಗಿದ್ದ, ಕರ್ರಗಿನ ಹೋಳಿಗೆಯ ಚೂರು. ನಾನದನ್ನು ದಾರದ ಗಂಟು ಎಂದುಕೊಂಡಿದ್ದೆ!

"ನೀವು ಮರ್ತಿರಲಿಲ್ಲರಿ. ಇದರ ಹೊಟ್ಟಿ ತುಂಬೇತಿ."

ಕಾಶವ್ವ ಆ ಚೂರನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. "ಹಂಗಾರ ತಿಂದದ್ದು ಯಾರ?"

ಕರೆಯದೆಯೇ ಚಿಗರಿ ಬಂದು, ತಾಯಿಯ ವಾಸನೆ ಮೂಸಿ, ನನ್ನ ಮೇಲೆ ಮಲಗಿದಳು. ಅವಳ ಎದೆ ಬಡಿಯಿತು, ನಿಂತಿತು, ಬಾಗಿಲ ಹಿಂದೆ ಯಾರನ್ನೋ ಆಲಿಸುವಂತೆ ಸುಮ್ಮನಿದ್ದು ಮತ್ತೆ ಬಡಿಯಿತು. ಮಿಂಚಿಯದೂ ಹೀಗೇ ಇತ್ತು. ನಾಯಿಗಳ ಎದೆಯೇ ಹಾಗೆಂದು ನಾನು ತಿಳಿದಿದ್ದೆ. ಅವಳನ್ನು ಸವರುತ್ತಿದ್ದ ಮಹಾನಂದಾಳ ಕೈ ಆ ಎದೆಯ ಮೇಲೆಯೇ ಉಳಿಯಿತು. ಮಾರನೆಯ ದಿನ ಅವಳು ಚಿಗರಿಯನ್ನು ದನದ ಡಾಕ್ಟರ ಬಳಿ ಒಯ್ದಳು.

ಬಂದು ಅತ್ತೆಗೆ ಹೇಳಿದಳು: "ಎದಿ ಬ್ಯಾನಿ, ರಕ್ತದಾಗ ಬಂದದ್ದಂತ. ಬಸರಾದ್ರ ಇಕಿ ತಡಿಯೂದಿಲ್ಲ. ಮರಿ ಹುಟ್ಟಿದರೂ ಅವಕ್ಕೂ ಹೋಗತೈತಂತ."

"ಮತ್ತ?"

"ಮರಿ ಆಗದಂಗ ಮಾಡಸ್ತೀನಿ. ನನ್ನ ಆಸೇಕ ಇಕಿ ಜೀವಾ ತಗೊಳ್ಳಲ್ಯಾ? ಈ ಸಾವು ಇಕಿ ಕೂಡ ಮುಗೀಲಿ," ಎಂದು ನನ್ನ ಮೂಲೆಯಲ್ಲೇ ಮುಖ ಹುದುಗಿಸಿ ಅತ್ತಳು. ಆಮೇಲೆ ಹೊಸ ಹೋಳಿಗೆಯ ಚೂರಿಟ್ಟು ನನ್ನ ತೇಪೆ ಹೊಲಿದಳು.

ಈಗ ನಾನು ಜಗುಲಿಯ ಮೂಲೆಯಲ್ಲಿ ಎಳೆಎಳೆಯಾಗಿದ್ದೇನೆ. ಚಿಗರಿಯ ಮೂತಿಯೂ ನರೆತಿದೆ. ಅವಳೆದೆ ಬಡಿಯುತ್ತದೆ, ನಿಲ್ಲುತ್ತದೆ, ಆಲಿಸುತ್ತದೆ. ಅವಳ ಜೊತೆ ನಾನೂ ಆಲಿಸುತ್ತೇನೆ. ಒಂದು ದಿನ ಆ ಬಡಿತ ಮರಳಿ ಬರುವುದಿಲ್ಲ. ಅಂದು ನನ್ನ ಮೇಲೆ ಏನೂ ತಿಳಿಯದೆ ಚೀಪುತ್ತಿರುವ ಮರಿಗಳು ಇರುವುದಿಲ್ಲ.