ನಾಲ್ಕೇ ಮಾತು ಬಲ್ಲವಳು

ಸಾವಿರ ಜನರೆದುರು ಬಾರಿಸುವಾಗಲೂ ಅಳುಕದ ಡ್ರಮ್ಮರ್ ಹುಡುಗ ಅಮ್ಮನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಅಳುಕಿ ನಿಂತ. ಅಳುಕದೆ ಏನು ಮಾಡಿಯಾನು ಹೇಳಿ! ಪಕ್ಕದಲ್ಲಿ ಅವನ ಬ್ಯಾಂಡಿನ ಹಾಡುಗಾರ್ತಿ ನಿಂತಿದ್ದಳು. ಅವಳದು ಬೇರೆ ದೇಶ, ಬೇರೆ ಭಾಷೆ. ಇಬ್ಬರ ನಡುವೆ ನಡೆಯುತ್ತಿದ್ದುದು ಅರೆಬರೆ ಇಂಗ್ಲಿಷು. ಅಮ್ಮನಿಗೆ ಆ ಅರೆಬರೆಯೂ ಬಾರದು.

ನಮ್ಮ ಮದುವೆಗೆ ನಿಮ್ಮಮ್ಮ ಒಪ್ಪದಿದ್ದರೆ ಬ್ಯಾಂಡ್ ಬಿಟ್ಟು ನಮ್ಮೂರಿಗೆ ಹೋಗಿಬಿಡುತ್ತೇನೆ, ತಾಯಿಯಿಂದ ಮಗನನ್ನು ಕಿತ್ತುಕೊಂಡು ಬದುಕುವುದು ನನ್ನ ಕೈಲಾಗದು ಎಂದು ಅವಳು ಹಿಂದಿನ ದಿನವೇ ಹೇಳಿದ್ದಳು. ಹಟಮಾರಿ, ಹೇಳಿದಂತೆ ಮಾಡುವವಳೇ. ಹುಡುಗನಿಗೆ ಆಗಿನಿಂದ ಊಟ ಸೇರಿರಲಿಲ್ಲ.

ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಕರ್ಕೊಂಡು ಬಂದ್ಯಾ? ಕೂತ್ಕೊಳ್ಳೋಕೆ ನೀನೇ ಹೇಳು. ನಾನು ಹೇಳಿದ್ರೆ ಅವಳಿಗೆಲ್ಲಿ ಅರ್ಥ ಆಗತ್ತೆ? ಎರಡು ಮಾತು ಜಗಳ ಆಡೋಕೂ ಆಗದ ಸೊಸೇನ ಕಟ್ಕೊಂಡು ನಾನೇನು ಮಾಡ್ಲಿ?"

ಹುಡುಗ ಇದನ್ನು ಅವಳಿಗೆ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ; ದನಿಯ ಏರಿಳಿತವೇ ಅವಳ ಕಸುಬಲ್ಲವೇ? ಅವಳ ಮುಖ ಕೆಂಪೇರಿತು. ಈ ಮನೆಯ ಭಾಷೆಯಲ್ಲಿ ಅವಳಿಗೆ ಗೊತ್ತಿದ್ದದ್ದು ನಾಲ್ಕೇ ನಾಲ್ಕು ಮಾತು. ಪ್ರತಿ ಹಾಡಿನ ಮೊದಲು ಅವನು ಕೋಲಿಗೆ ಕೋಲು ತಟ್ಟಿ ಎಣಿಸುತ್ತಿದ್ದುದು. ಬಾಯಿಗೆ ಬಂದದ್ದೇ ಸೈ ಎಂದು ಗಟ್ಟಿಯಾಗಿ ಹೇಳಿಯೇಬಿಟ್ಟಳು: "ಒಂದು, ಎರಡು, ಮೂರು, ನಾಲ್ಕು!"

ಅಯ್ಯೋ, ಆ ಪೆದ್ದನಾದರೂ ಸುಮ್ಮನಿರಬಾರದೆ! ಎರಡು ವರ್ಷದ ರೂಢಿ. ನಾಲ್ಕು ಎಂದೊಡನೆ ಅವನ ಕೈ ತಾನಾಗಿಯೇ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಧಡಧಡ ಬಿತ್ತು. ಗುಂಡಿಯ ಡಬ್ಬಿ ಮಗುಚಿ, ನೂರಾರು ಗುಂಡಿಗಳು ನೆಲದ ತುಂಬ ಉರುಳಿದವು. ಅವಳೂ ಹಾಡಿನ ಮೊದಲ ಸಾಲು ಎತ್ತಿಬಿಟ್ಟು, ನಾಲಿಗೆ ಕಚ್ಚಿಕೊಂಡಳು.

ಯಂತ್ರ ನಿಂತಿತು. ಅಮ್ಮ ಕನ್ನಡಕ ತೆಗೆದು ಮೊದಲು ಗುಂಡಿಗಳನ್ನು, ಆಮೇಲೆ ಮಗನನ್ನು ನೋಡಿದರು. ಮುಗಿಯಿತು ನನ್ನ ಕತೆ ಎಂದುಕೊಂಡ ಹುಡುಗ.

ಅವಳು ಆಗಲೇ ಮಂಡಿಯೂರಿ ಗುಂಡಿ ಆಯತೊಡಗಿದ್ದಳು. ಕಣ್ಣ ತುಂಬ ನೀರು. ತಪ್ಪಾಯಿತು ಎನ್ನಲು ಬೇರೆ ಮಾತು ಗೊತ್ತಿಲ್ಲದೆ, ಒಂದೊಂದನ್ನೇ ಡಬ್ಬಿಗೆ ಹಾಕುತ್ತ "ಒಂದು, ಎರಡು, ಮೂರು, ನಾಲ್ಕು" ಎನ್ನುವಳು. ಮತ್ತೆ ಒಂದರಿಂದ ಶುರು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಏ ದಂಡಪಿಂಡ, ಏನು ನೋಡ್ತಾ ನಿಂತಿದ್ದೀಯ? ಬಾಗಿಲ ಹತ್ರ ಬಿದ್ದಿರೋದನ್ನ ಆಯ್ಕೊ" ಎಂದು ಮಗನನ್ನು ಗದರಿ, ಮೊಣಕಾಲು ಹಿಡಿದುಕೊಂಡು ಅವಳೆದುರು ನೆಲಕ್ಕೆ ಕೂತರು.

"ನಾಲ್ಕಕ್ಕೇ ನಿಂತ್ಬಿಟ್ರೆ ಹೇಗೆ ಮಗಳೇ? ಇಷ್ಟೊಂದು ಬಾಕಿ ಇದೆ" ಎನ್ನುತ್ತ ಒಂದು ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟರು. "ಹೇಳು, ಐದು."