ತೊಗರಿ ಹರವಿದ ರಸ್ತೆಯಲ್ಲಿ ನಿಂತ ಕಾರು

ಬ್ರೇಕಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು. ಜೇವರ್ಗಿಯಲ್ಲಿ ನಲವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಗಾಡಿ ಬಂದು ನಿಲ್ಲುವ ಸಪ್ಪಳದಲ್ಲೇ ಯಾವ ಗಾಲಿಯ ಪ್ಯಾಡು ಸವೆದಿದೆ ಎಂದು ಹೇಳುವವನು ಈ ಇಮಾಮಸಾಬ. ಅಂಥವನ ಮುಂದೆ ಧಮ್ಮಪಾಲ ಮಾಸ್ತರ ಹೊಸ ಕಾರು ತಂದು ನಿಲ್ಲಿಸಿ, "ಚಾಚಾ, ಇದು ತಾನ ಬ್ರೇಕ್ ಹಾಕ್ತದ್ರಿ" ಎಂದರೆ ಸಿಟ್ಟು ನೆತ್ತಿಗೇರದೆ ಇರುತ್ತದೆಯೇ?

"ಹೌದೇನು? ಮತ್ತ ನಮ್ಮ ಕಾಲು ಏನ್ ಮಾಡಬೇಕಪಾ, ಉಪ್ಪಿನಕಾಯಿ ಹಾಕಬೇಕೇನು?"

ಅವನು ನಕ್ಕ. ನನಗೆ ನಗು ಬರಲಿಲ್ಲ. ಸಕ್ಕರೆ ಕಾಯಿಲೆಯಿಂದ ನನ್ನ ಬಲಪಾದ ಆರು ತಿಂಗಳಿಂದ ಜೋಮು ಹಿಡಿದಂತಿದೆ. ಹಿಂದಿನ ವಾರ ಒಂದೇ ಚಪ್ಪಲಿಯಲ್ಲಿ ಮನೆಗೆ ಹೋಗಿದ್ದೆ. ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿತೋ ಗೊತ್ತೇ ಆಗಿರಲಿಲ್ಲ. ಹೆಂಡತಿ ಪ್ಯಾರಿಬಿ ಬಾಗಿಲಲ್ಲೇ ಹಿಡಿದಳು. "ಜೀಪು ನಡಸೋದು ಬಿಡ್ರಿ. ಒಂದಿನ ಯಾರದರ ಜೀವಾ ತಗೋತೀರಿ ನೀವು." ಅವಳ ಮೇಲೆ ರೇಗಿದೆ. ಗಾಡಿ ಓಡಿಸಿ ನೋಡದ ಮೆಕ್ಯಾನಿಕ್ಕು ಉಪ್ಪು ನೋಡದ ಅಡುಗೆಯವನಿದ್ದಂತೆ. ಅವಳ ಬಾಯಿ ಮುಚ್ಚಿಸಿದೆ, ಸುದ್ದಿ ಹೊರಗೆ ಹೋಗಲಿಲ್ಲ.

ಧಮ್ಮಪಾಲನ ಕೈಯಿಂದ ಕೀಲಿ ಇಸಿದುಕೊಂಡು ಇಜೇರಿ ದಾರಿ ಹಿಡಿದೆ. ಅವನು ಪಕ್ಕದಲ್ಲಿ ಕೂತು ಪಾಠ ಶುರು ಮಾಡಿದ. "ಈ ಕನ್ನಡಿ ಹಿಂದ ಕ್ಯಾಮೆರಾ ಅದರಿ, ಮನಷ್ಯಾನ ಆಕಾರ ಗುರುತು ಹಿಡಿತದ. ಮುಂದಿನ ಜಾಲರಿ ಹಿಂದ ರಾಡಾರು, ಎಷ್ಟು ದೂರ ಅದಾರಂತ ಅಳೀತದ. ಮೊದಲ ಪೀಂ ಪೀಂ ಅಂತದ. ನಾವು ಕೇಳಲಿಲ್ಲಂದ್ರ ತಾನ ಹಿಡಿತದ."

"ತೊಗರಿ ಯಾವುದು, ಮನಷ್ಯಾ ಯಾವುದು, ಅದಕ್ಕೇನ್ ತಿಳೀತದಲೇ ಮಾಸ್ತರ?"

ತೊಗರಿ ಕಟಾವಿನ ಕಾಲ. ನಮ್ಮ ಕಡೆ ರೈತರು ತೊಗರಿ ಕಟ್ಟಿಗೆಯನ್ನು ಡಾಂಬರಿನ ಮೇಲೆ ಹರವುತ್ತಾರೆ. ಗಾಲಿ ಹಾಯ್ದು ಕಾಳು ಉದುರಲಿ ಎಂದು. ಅಲ್ಲಿ ಬ್ರೇಕು ಹಾಕಿದರೆ ಅವರೇ ಬೈಯುತ್ತಾರೆ. ಇಜೇರಿ ಇನ್ನೂ ಎರಡು ಮೈಲಿ ಇರುವಾಗ ಅಂಥದ್ದೇ ಒಂದು ಹರವು ಕಂಡಿತು. ನಾನೂ ರೂಢಿಯಂತೆ ನೆಟ್ಟಗೆ ಹೊಡೆದೆ.

ಬದಿಗೆ ನಿಂತಿದ್ದ ಟ್ರ್ಯಾಕ್ಟರಿನ ಹಿಂದಿನಿಂದ ಒಬ್ಬ ಮುದುಕಿ ಹೊರಬಂದಳು. ಬಗ್ಗಿ ಕಸಬರಿಗೆಯಿಂದ ಕಾಳು ಗುಡಿಸುತ್ತಾ ನೇರ ನಮ್ಮ ಮುಂದೆಯೇ!

ಕಾಲೆತ್ತಿ ಬ್ರೇಕನ್ನು ಒದ್ದೆ. ಪೀಂ ಎಂದದ್ದೂ ಕಾರು ಮೂಗು ಬಗ್ಗಿಸಿದ್ದೂ ಒಂದೇ ಸಲ. ಕಟ್ಟಿಗೆಯ ಮೇಲೆ ಗಾಲಿ ಜಾರಲಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕಟಕಟ ಎನ್ನುತ್ತಾ ನಿಂತುಬಿಟ್ಟವು. ಮುದುಕಿಗೂ ಬಂಪರಿಗೂ ನಡುವೆ ಒಂದು ಮೊಳ ಉಳಿದಿತ್ತು.

"ನೋಡಿದ್ಯಾ? ಕಾಲಂದ್ರ ಇದು!" ಎಂದು ಕೂಗಿದೆ. "ನಲವತ್ತು ವರ್ಷದ ಕಾಲು!"

ಧಮ್ಮಪಾಲ ಕೈಬ್ರೇಕು ಎಳೆದು, ಕೆಳಗೆ ನೋಡಿದ. ನಾನೂ ನೋಡಿದೆ. ನನ್ನ ಪಾದ ಬ್ರೇಕಿನ ಮೇಲೆ ಇರಲಿಲ್ಲ. ಪೆಡಲಿನ ಕೆಳಗೆ ನುಸುಳಿ, ಬರೀ ಮ್ಯಾಟನ್ನು ಬಲವಾಗಿ ತುಳಿದುಕೊಂಡಿತ್ತು.

ಯಾ ಅಲ್ಲಾ! ಹಾಗಾದರೆ ಪೈಪಿನಲ್ಲಿ ಬ್ರೇಕ್ ಆಯಿಲನ್ನು ನೂಕಿದವರು ಯಾರು? ಅದೇ ಆಯಿಲು, ಅದೇ ಪ್ಯಾಡು, ನಾನು ಜನ್ಮವೆಲ್ಲ ಕೈಯಲ್ಲಿ ಆಡಿಸಿದ್ದವು. ಗಾಜಿನ ಹಿಂದಿನ ಒಂದು ಪುಟ್ಟ ಕಣ್ಣು ಬಗ್ಗಿದ ಮುದುಕಿಯನ್ನು ತೊಗರಿಯೊಳಗಿಂದ ಬೇರೆ ಮಾಡಿ, ಇದು ಮನುಷ್ಯಜೀವ ಎಂದು ತಿಳಿದು, ನನ್ನ ಮಿದುಳು 'ಹಾ' ಎನ್ನುವುದರೊಳಗೆ ನಾಲ್ಕೂ ಗಾಲಿ ಹಿಡಿದಿತ್ತು. ನಾನು ಅಣಕಿಸಿದ್ದು ಇದನ್ನೇ.

ಕೆಳಗಿಳಿದೆ. ಮುದುಕಿ ಕಸಬರಿಗೆ ಎತ್ತಿಕೊಂಡೇ ಬಂದಳು. "ಕಣ್ಣು ಅದಾವೋ ಇಲ್ಲೋ ನಿನಗ, ಭಾಡ್ಯಾ!"

"ಸುಭದ್ರಾಬಾಯಿ ಆಯಿ, ಏನೂ ಆಗಿಲ್ಲಲ್ರಿ?" ಎಂದು ಧಮ್ಮಪಾಲ ಓಡಿಬಂದ. ಅವಳು ಅವನ ಶಾಲೆಯ ಹುಡುಗಿಯೊಬ್ಬಳ ಅಜ್ಜಿ.

ಅವಳು ಬಂಪರು ನೋಡಿದಳು, ತನ್ನ ಸೀರೆ ನೋಡಿಕೊಂಡಳು. ನಡುವಿನ ಒಂದು ಮೊಳ ಅವಳಿಗೂ ಕಂಡಿತು. ಕಸಬರಿಗೆ ಕೈಯಿಂದ ಜಾರಿತು. "ಯವ್ವಾ, ಉಳಿದ್ನೆ... ಸಾಬ್ರ, ಎಂಥಾ ಪುಣ್ಯಾದ ಕಾಲ್ರಿ ನಿಮ್ದು!" ಎನ್ನುತ್ತಾ ನಾನು ಹಿಂದೆ ಸರಿಯುವುದರೊಳಗೆ ಬಗ್ಗಿ ನನ್ನ ಬಲಪಾದ ಮುಟ್ಟಿದಳು.

ಅವಳ ಬೆರಳು ನನ್ನ ಪಾದದ ಮೇಲೆ ಇರುವುದು ಕಣ್ಣಿಗೆ ಕಂಡಿತು. ಪಾದಕ್ಕೆ ಗೊತ್ತಾಗಲಿಲ್ಲ.

ನಾಚಿಕೆಯಿಂದ ಸತ್ತೆ. "ಏಳ್ರಿ ಆಯಿ, ಈ ಕಾಲು ಮುಟ್ಟಬ್ಯಾಡ್ರಿ. ಇದು ನಿಮ್ಮನ್ನ ಕೊಂದಬಿಡ್ತಿತ್ತು. ಉಳಿಸಿದ್ದು ಆ ಗಾಡಿ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ತಿರುಗಿ ಕಾರಿನ ಬಾನೆಟ್ಟಿಗೂ ಕೈಮುಗಿದಳು. ಈ ಸಲ ನಾನು ಅಣಕಿಸಲಿಲ್ಲ. ನಾನೂ ಅಲ್ಲಿ ಅಂಗೈ ಇಟ್ಟೆ. ಬೆಚ್ಚಗಿತ್ತು.

ಕೀಲಿಯನ್ನು ಧಮ್ಮಪಾಲನಿಗೆ ಕೊಟ್ಟು ಎಡಗಡೆ ಹತ್ತಿ ಕೂತೆ. ಸುಭದ್ರಾಬಾಯಿ ಕಿಟಕಿಗೆ ಬಂದು ಚಪ್ಪಲಿಯೊಂದನ್ನು ಒಳಗೆ ಚಾಚಿದಳು. "ಸಾಬ್ರ, ಇದು ಇಲ್ಲೇ ಬಿಟ್ಟೀರಿ."

ಧಮ್ಮಪಾಲ ನಿಧಾನ ಕೇಳಿದ. "ಚಾಚಾ, ಗ್ಯಾರೇಜಿಗಿ ಹೋಗೋಣೇನ್ರಿ?"

"ಬ್ಯಾಡ. ಮೊದಲ ಮನೀಗಿ ನಡಿ," ಎಂದೆ. "ಪ್ಯಾರಿಬಿ ಕೈಯಾಗ ನನ್ನ ಜೀಪಿನ ಕೀಲಿ ಕೊಡೋದದ."