ಉಗುರಿಗೆ ಜಗ್ಗದ ಕೊಕ್ಕೆಗಳು

ಹನುಮಂತರಾಯಪ್ಪನವರ ಎದುರಿಗೆ ಅಲ್ಯೂಮಿನಿಯಂನ ಯಾವ ವಸ್ತುವೂ ನೆಮ್ಮದಿಯಾಗಿ ಇರಲಾರದು. ಕಿಟಕಿಯ ಚೌಕಟ್ಟಾಗಲಿ, ಹಾಲಿನ ಕ್ಯಾನಾಗಲಿ, ಬೀಗರ ಮನೆಯ ಇಡ್ಲಿ ಪಾತ್ರೆಯ ಮುಚ್ಚಳವಾಗಲಿ, ಕಂಡೊಡನೆ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಕರ್ರೆಂದು ಎಳೆದು, ನಾಡಿ ಹಿಡಿದ ಪಂಡಿತರಂತೆ ಕಣ್ಣು ಅರೆಮುಚ್ಚಿ, "ಮೈ ಮೆತ್ತಗೈತೆ. ಸವೆದೋಗುತ್ತೆ" ಎಂದು ತೀರ್ಪು ಕೊಡುತ್ತಾರೆ. ಇಡ್ಲಿ ಬಡಿಸುತ್ತಿದ್ದ ಬೀಗಿತ್ತಿ ಅಂದು ನಗಲಿಲ್ಲ.

ಗೌರಿಬಿದನೂರಿನ ಬಳಿಯ ಕುಡುಮಲಕುಂಟೆಯಲ್ಲಿ ಅವರದೊಂದು ಆನೊಡೈಸಿಂಗ್ ಶೆಡ್. ತಣ್ಣನೆಯ ಆಸಿಡ್ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಇಳಿಬಿಟ್ಟು ಕರೆಂಟು ಹರಿಸಿದರೆ ಲೋಹದ ಮೈಯೇ ಗಟ್ಟಿ ಪದರವಾಗಿ ಬೆಳೆಯುತ್ತದೆ. ಇದಿಷ್ಟನ್ನು ಅವರು ಸೃಷ್ಟಿಯ ರಹಸ್ಯವೆಂಬಂತೆ ದನಿ ತಗ್ಗಿಸಿ ಹೇಳುತ್ತಾರೆ. ತೊಟ್ಟಿಗಳ ನಡುವಿನ ಇಕ್ಕಟ್ಟಿನಲ್ಲಿ ಓಡಾಡಿ ಅಭ್ಯಾಸವಾಗಿ, ಹೆದ್ದಾರಿಯ ಬದಿಯಲ್ಲೂ ಒಂದು ಹೆಗಲು ಮುಂದುಮಾಡಿಯೇ ನಡೆಯುತ್ತಾರೆ. ಆಸಿಡ್ ಹನಿಗಳು ತೂತು ಮಾಡಿದ ನೀಲಿ ಕೋಟನ್ನು, ಸೇನಾನಿಯೊಬ್ಬ ಪದಕಗಳನ್ನು ಧರಿಸುವಂತೆ, ಮದುವೆಗೂ ಧರಿಸುತ್ತಾರೆ.

ಶಿಡ್ಲಘಟ್ಟದ ಗಂಗುಲಮ್ಮನವರದು ರೇಷ್ಮೆ ನೂಲು ತೆಗೆಯುವ ಘಟಕ. ಅಲ್ಲಿ ನೂಲು ಜಾರಿಹೋಗುವ ಅಲ್ಯೂಮಿನಿಯಂ ಕೊಕ್ಕೆಗಳು ಸವೆದು, ಬಿಳಿ ಎಳೆಗೆ ಮಸಿ ಹತ್ತುತ್ತಿತ್ತು. ರಾಯಪ್ಪನವರು ಒಂದು ಯಂತ್ರದ ಕೊಕ್ಕೆಗಳನ್ನು ಒಯ್ದು ಗಟ್ಟಿ ಪದರ ಬೆಳೆಸಿ ತಂದುಕೊಟ್ಟರು. ಆಕೆ ಮೆಚ್ಚಿದರೆ ಆ ಬೀದಿಯಲ್ಲಿ ನೂಲು ತೆಗೆಯುವ ರೀಲರುಗಳೆಲ್ಲ ಇವರ ಶೆಡ್ಡಿಗೆ ಬರುವವರು. ಬೇಡವೆಂದರೆ ಶಿಡ್ಲಘಟ್ಟದಲ್ಲಿ ಇವರ ಮಾತಿಗೆ ಕಿವಿಗೊಡುವವರಿಲ್ಲ. ಫಲಿತಾಂಶ ನೋಡಲು ಹೊರಟಾಗ ನೆರೆಮನೆಯವನಾದ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಸನ್ಮಾನಕ್ಕೆ ಸಾಕ್ಷಿ ಬೇಕಲ್ಲ!

"ಏಮಪ್ಪಾ ರಾಯಪ್ಪಾ, ನಿನ್ ಕೊಕ್ಕೆ ನಿನ್ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತೆ. ನನ್ ನೂಲು ಊಟದ ಹೊತ್ತಿನ್‌ವರೆಗೂ ಬಾಳ್ತಿಲ್ವಲ್ಲ!" ಎಂದರು ಗಂಗುಲಮ್ಮ. ಮಸಿಯೇನೋ ಮಾಯವಾಗಿತ್ತು, ನೂಲು ಮಾತ್ರ ಮೇಲಿಂದ ಮೇಲೆ ತುಂಡಾಗುತ್ತಿತ್ತು.

ರಾಯಪ್ಪನವರು ಉಗುರೆಳೆದರು. "ಕಲ್ಲಿದ್ದಂಗೈತೆ ಗಂಗುಲಕ್ಕ. ನಿನ್ ರೇಷ್ಮೆಗೂಡೇ ಸರಿಯಿಲ್ಲ."

"ಅದೇ ಗೂಡು ಆ ಯಂತ್ರದಾಗೆ ಹಳೇ ಕೊಕ್ಕೆ ಮೇಲೆ ಓಡ್ತಾ ಐತೆ, ಕಣ್ ಬಿಟ್ಟು ನೋಡಪ್ಪ. ನಿನ್ನವನ್ನ ಬಿಚ್ಕೊಂಡು ಹೋಗು."

ಮುಖದ ಮೇಲಿದ್ದ ಸನ್ಮಾನದ ಕಳೆ ಇಳಿಯಿತು. ಒಂದು ಕೊಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದರು. ರೇಷ್ಮೆ ಎಳೆಯೊಂದನ್ನು ಅದರ ಮೇಲೆ ಎಳೆದರು. ಎಳೆ ಜುಂಗುಜುಂಗಾಗಿ ಎದ್ದಿತು. ಎರಕದ ಕೊಕ್ಕೆಯ ಮೈ ಮೊದಲೇ ಒರಟು. ಪದರ ಬೆಳೆದಾಗ ಆ ಒರಟೂ ಬೆಳೆದು ಗಟ್ಟಿಯಾಗಿ, ರೇಷ್ಮೆಯ ಪಾಲಿಗೆ ಅರವಾಗಿಬಿಟ್ಟಿತ್ತು. ಉಗುರಿಗೆ ತಿಳಿದದ್ದು ಗಡಸುತನವೊಂದೇ. ನುಣುಪಿನ ವಿಚಾರ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಗೌರಿಬಿದನೂರಿನವರೆಗೂ ಸ್ಟೇರಿಂಗಿಗೆ ಗೊಣಗಿಕೊಂಡು ಬಂದದ್ದರಿಂದ ನನಗೆ ತಿಳಿಯಿತು.

ಮುಂದಿನ ವಾರ ಅವೇ ಕೊಕ್ಕೆಗಳು ಮರಳಿ ಬಂದವು. ಹಳೆಯ ಪದರ ಕಳಚಿ, ಮೈ ಪಾಲಿಶ್ ಮಾಡಿ, ಹೊಸ ಪದರ ಬೆಳೆಸಿ, ಮತ್ತೆ ಕನ್ನಡಿಯಂತೆ ಉಜ್ಜಿದ್ದರು. ನೂಲು ಮಧ್ಯಾಹ್ನ ದಾಟಿತು, ಸಂಜೆಯನ್ನೂ ದಾಟಿತು.

"ಹೊಸ ಪದ್ಧತಿ ಗಂಗುಲಕ್ಕ, ನಾನೇ ಕಂಡುಹಿಡಿದಿದ್ದು. ಮೊದಲಿಂದು ಸುಮ್ನೆ ಪರೀಕ್ಷೆಗೆ ಅಂತ ಕೊಟ್ಟಿದ್ದೆ."

"ಯಾರ್ನಪ್ಪ ಪರೀಕ್ಷೆ ಮಾಡ್ದೆ, ನನ್ನನ್ನಾ?" ಎಂದು ನಗುತ್ತ ಆಕೆ ಎರಡನೆಯ ಯಂತ್ರದ ಕೊಕ್ಕೆಗಳನ್ನೂ ಬಿಚ್ಚಿ ಅವರ ಕೈಗೆ ಸುರಿದರು.

ಇಂಥವರ ಬಾಯಿಂದ 'ತಪ್ಪಾಯಿತು' ಎಂಬ ಮಾತನ್ನು ಹೊರಡಿಸುವುದು ಯಾರಿಂದಲೂ ಆಗದ ಕೆಲಸ. ವಾದದಲ್ಲಿ ಒಂದಿಂಚೂ ಬಿಟ್ಟುಕೊಡದೆ ಎದ್ದುಹೋಗಿ, ಕದ ಹಾಕಿಕೊಂಡು, ಕೆಲಸವನ್ನು ಮೊದಲಿನಿಂದ ಮಾಡಿ ತರುತ್ತಾರೆ. ಸವಿನಯವಾಗಿ ಕ್ಷಮೆ ಕೇಳಿ, ಕೆಟ್ಟದ್ದನ್ನು ಕೆಟ್ಟಂತೆಯೇ ಬಿಟ್ಟುಹೋಗುವ ಸಭ್ಯರ ಪರಿಚಯ ನನಗೆ ಬೇಕಾದಷ್ಟಿದೆ. ಮನೆಯ ನಲ್ಲಿ ಸೋರತೊಡಗಿದಾಗ ಮಾತ್ರ ನಾನು ಹುಡುಕಿಕೊಂಡು ಹೋಗುವುದು ಈ ಜಂಬದವರನ್ನೇ.